ನಾಲ್ವರ ಪಡೆ, ನೂರು ಮಂದಿಯ ಕಾಳಗ

ಕಾವೇರಿಯ ನಾಲೆಗಳ ನೀರುಂಡು ಭತ್ತದ ಕಣಜವೆನಿಸಿರುವ ಕೃಷ್ಣರಾಜನಗರದ ಸೀಮೆಯಲ್ಲಿ ಮಿರ್ಲೆ ಎಲ್ಲರಿಗೂ ಪರಿಚಿತವಾದ ಊರು. ಮೈಸೂರು ಬೆಂಗಳೂರುಗಳಲ್ಲಿ ನೆಲೆಸಿರುವ ಎಷ್ಟೋ ಸಂಸಾರಗಳಿಗೆ ಇಂಥ ಊರೆಂದರೆ ಅಜ್ಜಿಯ ಮನೆ. ಬೇಸಗೆಯ ರಜೆಗೂ ಹಬ್ಬಹುಣ್ಣಿಮೆಗಳಿಗೂ ಮಕ್ಕಳೆಲ್ಲ ಬಂದು ಕಲೆಯುವ ಠಾವು. ಅಂಥ ಒಂದು ಮನೆಯ ರಾತ್ರಿಯ ನೋಟವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ.

ಗಂಟೆ ಎಂಟೂವರೆ. ಜಗಲಿಯ ಕಂಬಕ್ಕೆ ಒರಗಿ ಕುಳಿತಿರುವ ಹತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲು ಫೋನನ್ನು ಅಡ್ಡಲಾಗಿ ಎರಡು ಕೈಗಳಲ್ಲೂ ಹಿಡಿದಿದ್ದಾನೆ. ಕಿವಿಗಳಲ್ಲಿ ಇಯರ್‌ಫೋನು. ಕಣ್ಣು ರೆಪ್ಪೆ ಬಡಿಯುವುದನ್ನು ಮರೆತಂತಿದೆ. “ಮರದ ಹಿಂದೆ ಒಬ್ಬ ಅವ್ನೆ! ನೀನು ಅಲ್ಲೇ ಮಲ್ಕೊ, ನಾನ್ ಬತ್ತೀನಿ!” ಎಂದು ಆತ ಯಾರಿಗೋ ಕೂಗಿ ಹೇಳುತ್ತಾನೆ. ಒಳಗಿನಿಂದ ತಾಯಿಯ ದನಿ:

“ಲೋ ಮಗ, ಉಣ್ಣೋಕ್ ಬಾರ್ಲಾ. ಮುದ್ದೆ ತಣ್ಣಗಾಯ್ತದೆ.”

“ಇರವ್ವ! ಮೂರ್ ಜನ ನನ್ನ ನಂಬ್ಕೊಂಡವ್ರೆ!”

ಆ ಮೂವರಲ್ಲಿ ಒಬ್ಬ ಮೈಸೂರಿನ ಕುವೆಂಪುನಗರದಲ್ಲಿರುವ ದೊಡ್ಡಪ್ಪನ ಮಗ, ಒಬ್ಬ ಬೆಂಗಳೂರಿನಲ್ಲಿರುವ ಸೋದರತ್ತೆಯ ಮಗ, ಇನ್ನೊಬ್ಬ ಹಿಂದಿನ ಬೀದಿಯ ಸಹಪಾಠಿ. ನಾಲ್ವರೂ ಈ ಕ್ಷಣದಲ್ಲಿ ಒಂದು ಕಾಲ್ಪನಿಕ ದ್ವೀಪದ ಹುಲ್ಲುಗಾವಲಿನಲ್ಲಿ ಜೊತೆಯಾಗಿ ನಿಂತಿದ್ದಾರೆ. ತಾಯಿಗೆ ಮಗನ ಉತ್ತರ ಶುದ್ಧ ಹಠವೆಂದು ತೋರುವುದು ಸಹಜ. ಆದರೆ ಆ ಮಾತಿನಲ್ಲಿ ಸುಳ್ಳಿಲ್ಲ. ಮನೆಮನೆಯಲ್ಲೂ ಜಗಳಕ್ಕೆ ಕಾರಣವಾಗಿರುವ ಈ ಆಟದ ಗುಣವೂ ದೋಷವೂ ಆ ಒಂದೇ ಮಾತಿನಲ್ಲಿ ಅಡಗಿವೆ.

ಆಟ ಹುಟ್ಟಿದ ಬಗೆ

ಆಟದ ಹೆಸರು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’. ಹುಡುಗರ ಬಾಯಲ್ಲಿ ಅದು ‘ಬಿಜಿಎಂಐ’. ಹಳೆಯ ಹೆಸರಿಗೆ ಒಗ್ಗಿದವರಿಗೆ ಅದು ಇಂದಿಗೂ ‘ಪಬ್‌ಜಿ’. ಇದರ ಮೂಲಕರ್ತನಾದ ಬ್ರೆಂಡನ್ ಗ್ರೀನ್ ಐರ್ಲೆಂಡಿನವನು. 2000ದಲ್ಲಿ ತೆರೆಕಂಡ ‘ಬ್ಯಾಟಲ್ ರಾಯಲ್’ ಎಂಬ ಜಪಾನೀ ಚಿತ್ರದಲ್ಲಿ, ಒಂದು ದ್ವೀಪದಲ್ಲಿ ಬಿಡಲ್ಪಟ್ಟವರೊಳಗೆ ಕೊನೆಗೆ ಒಬ್ಬನೇ ಉಳಿಯಬೇಕೆಂಬ ಕ್ರೂರ ಕಟ್ಟಳೆಯ ಕಥೆಯಿದೆ. ಆ ಕಲ್ಪನೆಯನ್ನು ಆತ ಗಣಕಯಂತ್ರದ ಆಟವಾಗಿ ಹೊಸೆದ. ದಕ್ಷಿಣ ಕೊರಿಯಾದ ಕಂಪನಿಯೊಂದು ಆತನನ್ನು ಕರೆಸಿಕೊಂಡು 2017ರಲ್ಲಿ ಅದನ್ನು ಲೋಕದ ಮುಂದಿಟ್ಟಿತು. ಮರುವರ್ಷ, 2018ರಲ್ಲಿ, ಚೀನದ ಟೆನ್ಸೆಂಟ್ ಕಂಪನಿಯ ಕೈಯಿಂದ ಅದರ ಮೊಬೈಲು ರೂಪ ಹೊರಬಂತು.

ಆ ಹೊತ್ತಿಗೆ ಭಾರತದಲ್ಲಿ ನೆಲ ಹದವಾಗಿತ್ತು. 2016ರಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಇಂಟರ್ನೆಟ್ಟಿನ ಬೆಲೆ ಇಳಿದು, ಅಲ್ಲಿಯ ತನಕ ಪಟ್ಟಣದ ಶ್ರೀಮಂತರ ಮನೆಯ ವೈಭವವಾಗಿದ್ದುದು ಹಳ್ಳಿಯ ಜಗಲಿಗೂ ಬಂದಿತ್ತು. ದುಬಾರಿ ಯಂತ್ರ ಬೇಡ, ಟೆಲಿವಿಷನ್ನಿಗೆ ಜೋಡಿಸುವ ಪೆಟ್ಟಿಗೆ ಬೇಡ. ತಂದೆಯ ಜೇಬಿನಲ್ಲಿರುವ ಫೋನೇ ಸಾಕು. ಆಟವನ್ನು ಇಳಿಸಿಕೊಳ್ಳಲು ಒಂದು ಕಾಸನ್ನೂ ತೆರಬೇಕಾಗಿಲ್ಲ. ಎರಡೇ ವರ್ಷಗಳಲ್ಲಿ ಜಗತ್ತಿನ ಬೇರಾವ ದೇಶಕ್ಕಿಂತಲೂ ಹೆಚ್ಚಾಗಿ ಅದು ಭಾರತದಲ್ಲಿ ಹಬ್ಬಿತು.

ಆಟದ ಕ್ರಮ ಹೀಗಿದೆ. ನೂರು ಮಂದಿಯನ್ನು ಹೊತ್ತ ವಿಮಾನವೊಂದು ದ್ವೀಪದ ಮೇಲೆ ಹಾರುತ್ತದೆ. ತಮಗೆ ಬೇಕಾದೆಡೆಯಲ್ಲಿ ಆಟಗಾರರು ಪ್ಯಾರಾಚೂಟಿನಿಂದ ಇಳಿಯುತ್ತಾರೆ. ‘ಎರಂಗೆಲ್’ ಎಂಬ ಪ್ರಸಿದ್ಧ ದ್ವೀಪದ ವಿಸ್ತಾರ ಎಂಟು ಕಿಲೋಮೀಟರು ಉದ್ದ, ಎಂಟು ಕಿಲೋಮೀಟರು ಅಗಲ. ಇಳಿಯುವಾಗ ಎಲ್ಲರದೂ ಬರಿಗೈ. ಪಾಳುಬಿದ್ದ ಮನೆಗಳಲ್ಲಿ ಹುಡುಕಿ ಬಂದೂಕು, ಗುಂಡು, ಶಿರಸ್ತ್ರಾಣ, ಔಷಧಗಳನ್ನು ಸಂಪಾದಿಸಿಕೊಳ್ಳಬೇಕು. ಅಷ್ಟರಲ್ಲಿ ದ್ವೀಪದ ಸುತ್ತ ನೀಲಿಯ ವಲಯವೊಂದು ಮುತ್ತಿಗೆ ಹಾಕಿದಂತೆ ಒಳಕ್ಕೆ ಸರಿಯತೊಡಗುತ್ತದೆ. ಅದರ ಹೊರಗೆ ಉಳಿದವನ ಪ್ರಾಣ ಕ್ಷಣಕ್ಷಣಕ್ಕೂ ಕುಂದುತ್ತದೆ. ಹೀಗೆ ಬಯಲು ಕಿರಿದಾದಂತೆ ಅಡಗಿದ್ದವರೆಲ್ಲ ಎದುರುಬದುರಾಗಲೇಬೇಕು. ಸುಮಾರು ಅರ್ಧ ಗಂಟೆಯಲ್ಲಿ ಒಬ್ಬನೋ ಒಂದು ಪಡೆಯೋ ಉಳಿಯುತ್ತದೆ. ಗೆದ್ದವರಿಗೆ ಪರದೆಯ ಮೇಲೆ ‘ಚಿಕನ್ ಡಿನ್ನರ್’ ಎಂಬ ಘೋಷಣೆ!

ಒಬ್ಬೊಬ್ಬರೇ ಆಡಬಹುದಾದರೂ ಆಟದ ಜೀವಾಳವಿರುವುದು ನಾಲ್ವರ ‘ಸ್ಕ್ವಾಡ್’ನಲ್ಲಿ. ಗುಂಡೇಟು ತಿಂದು ಬಿದ್ದ ಸಂಗಾತಿ ಒಡನೆಯೇ ಸಾಯುವುದಿಲ್ಲ. ತೆವಳುತ್ತ ಸಹಾಯಕ್ಕೆ ಕಾಯುತ್ತಾನೆ. ಉಳಿದವರಲ್ಲಿ ಒಬ್ಬ ಶತ್ರುವಿನ ಗುಂಡಿನ ಮಳೆಯಲ್ಲಿ ಅವನ ಬಳಿಗೆ ಓಡಿ, ಕೆಲವು ಸೆಕೆಂಡುಗಳ ಕಾಲ ಮಂಡಿಯೂರಿ ಕುಳಿತರೆ ಅವನು ಮತ್ತೆ ಎದ್ದು ನಿಲ್ಲುತ್ತಾನೆ. ಓಡಿ ಬರುವವರಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಮಿರ್ಲೆಯ ಹುಡುಗ ಊಟಕ್ಕೆ ಏಳದಿದ್ದುದು ಇಂಥ ಒಂದು ಗಳಿಗೆಯಲ್ಲಿ.

ಗುಣದ ಪಕ್ಷ

ಆಟವನ್ನು ಕೀಳೆಂದು ಬಗೆದ ನಾಡು ಇದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿಯೂ ಗಂಜೀಫಾ ಎಲೆಗಳಲ್ಲಿಯೂ ತಮ್ಮ ಪ್ರತಿಭೆಯನ್ನು ಧಾರೆಯೆರೆದವರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗ ಆಟಗಳಿಗೇ ಮೀಸಲು. ಅರಮನೆಯ ಮಾತು ಹಾಗಿರಲಿ, ಗುಡಿಯ ಕಲ್ಲುಹಾಸಿನ ಮೇಲೆ ಕೆತ್ತಿದ ಹುಲಿಕುರಿಯ ಮಣೆಯನ್ನು ಕಾಣದವರಾರು? ಅಲ್ಲಿ ಒಂದೊಂದು ಕುರಿಯೂ ದುರ್ಬಲವಾದುದೇ. ಎಲ್ಲವೂ ಸಾಲುಗಟ್ಟಿ ನಿಂತರೆ ಹುಲಿಗೆ ಕದಲಲು ದಾರಿಯಿಲ್ಲ. ಲಗೋರಿಯಲ್ಲಿಯೂ ಅಷ್ಟೆ. ಒಬ್ಬ ಚೆಂಡಿನ ಏಟಿಗೆ ಮೈಯೊಡ್ಡಿ ಎದುರಾಳಿಗಳ ಗಮನವನ್ನು ಸೆಳೆದರೆ, ಇನ್ನೊಬ್ಬ ಬಿಲ್ಲೆಗಳನ್ನು ಜೋಡಿಸುತ್ತಾನೆ. ನಾಲ್ವರ ಪಡೆಯ ಕಾಳಗ ಇವೇ ಆಟಗಳ ವಂಶಕ್ಕೆ ಸೇರಿದುದು.

ಅದರ ಮೊದಲ ಗುಣ ಸಮಾನತೆ. ಕಾಸು ಕೊಟ್ಟು ಕೊಂಡ ಬಣ್ಣದ ಉಡುಪಿನಿಂದ ಗುಂಡಿನ ಪೆಟ್ಟು ಕಡಿಮೆಯಾಗುವುದಿಲ್ಲ. ಪಟ್ಟಣದ ಕಾನ್ವೆಂಟಿನ ಹುಡುಗನೂ ಹಳ್ಳಿಯ ಸರ್ಕಾರಿ ಶಾಲೆಯ ಹುಡುಗನೂ ಬರಿಗೈಯಲ್ಲೇ ಇಳಿಯಬೇಕು. ಬೆಲೆಬಾಳುವ ಫೋನಿನಲ್ಲಿ ಚಿತ್ರ ತೊಡಕಿಲ್ಲದೆ ಓಡುವುದರಿಂದ ಶ್ರೀಮಂತನಿಗೆ ಕೊಂಚ ಅನುಕೂಲವುಂಟೆಂಬುದು ನಿಜ. ಆದರೂ ದೃಷ್ಟಿ, ತಾಳ್ಮೆ, ಸಮಯಸ್ಫೂರ್ತಿಗಳನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ.

ಎರಡನೆಯದು ಹೊಣೆಯ ಹಂಚಿಕೆ. ದೂರದಿಂದ ಗುರಿಯಿಡುವವನು ಒಬ್ಬ, ಮುನ್ನುಗ್ಗುವವನು ಒಬ್ಬ, ವಾಹನ ನಡೆಸುವವನು ಒಬ್ಬ, ಎಲ್ಲರ ಬೆನ್ನು ಕಾಯುವವನು ಇನ್ನೊಬ್ಬ. ತನ್ನಲ್ಲಿ ಹೆಚ್ಚಾದ ಔಷಧವನ್ನು ಸಂಗಾತಿಗೆ ಬಿಟ್ಟುಕೊಡಬೇಕು. ಕಂಡದ್ದನ್ನು ಕಂಡಂತೆ ಎರಡೇ ಮಾತಿನಲ್ಲಿ ತಿಳಿಸಬೇಕು. ಶತ್ರು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ಎಂಬುದನ್ನು ತಡವರಿಸದೆ ಹೇಳಲಾರದವನು ಪಡೆಗೆ ಭಾರ. ತರಗತಿಯಲ್ಲಿ ಎದ್ದು ನಿಂತರೆ ನಾಲಗೆ ತೊದಲುವ ಹುಡುಗನೂ ಇಲ್ಲಿ ಮೂವರಿಗೆ ನಾಯಕನಾಗಬಲ್ಲ.

ಮೂರನೆಯದು ಗಮನಶಕ್ತಿಯ ಮಾತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾನಿಲಯದ ಶಾನ್ ಗ್ರೀನ್ ಮತ್ತು ಡ್ಯಾಫ್ನೆ ಬವೇಲಿಯೆ ಎಂಬ ಸಂಶೋಧಕರು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವೇಗದ ಕಾಳಗದ ಆಟಗಳನ್ನು ಆಡುವವರು ಏಕಕಾಲದಲ್ಲಿ ಹಲವು ವಸ್ತುಗಳ ಮೇಲೆ ಕಣ್ಣಿಡುವುದರಲ್ಲಿ ಇತರರಿಗಿಂತ ಮೇಲೆಂದು ಕಂಡುಬಂತು. ಇದು ಕಣ್ಣಿನ ಚುರುಕು ಮಾತ್ರ. ಬೀಜಗಣಿತಕ್ಕೆ ಬೇಕಾದ ಏಕಾಗ್ರತೆ ಅದರಿಂದ ತಾನಾಗಿ ಬಂದೀತೆಂದು ಯಾರೂ ಭ್ರಮಿಸಬೇಕಾಗಿಲ್ಲ.

ನಾಲ್ಕನೆಯ ಗುಣ ಎಲ್ಲಕ್ಕೂ ಮಿಗಿಲಾದುದು. ಹಿರಿಯರ ಕಣ್ಣಿಗೆ ಬೀಳದಿರುವುದೂ ಅದೇ. ಕೂಡು ಕುಟುಂಬಗಳು ಚದುರಿಹೋದ ಕಾಲ ಇದು. ಒಂದೇ ಅಟ್ಟದ ಮೇಲೆ ಸಾಲಾಗಿ ಮಲಗಿ ಕಥೆ ಕೇಳುತ್ತಿದ್ದ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಈಗ ವರ್ಷಕ್ಕೊಮ್ಮೆ ಚುಂಚನಕಟ್ಟೆಯ ಜಾತ್ರೆಯಲ್ಲೋ ಮದುವೆಯ ಛತ್ರದಲ್ಲೋ ಭೇಟಿಯಾದರೆ ಹೆಚ್ಚು. ಆಗಲೂ ಮಾತನಾಡಲು ವಿಷಯವಿಲ್ಲದೆ ಸಂಕೋಚ. ಅಂಥ ಮಕ್ಕಳು ರಾತ್ರಿ ಒಂದು ಗಂಟೆಯ ಕಾಲ ಜೊತೆಯಾಗಿ ಆಡಿ, ನಗುತ್ತ, ಜಗಳವಾಡುತ್ತ, ಒಬ್ಬರನ್ನೊಬ್ಬರು ಎತ್ತಿ ನಿಲ್ಲಿಸುತ್ತಾರಾದರೆ ಆ ನಂಟನ್ನು ಹುಸಿಯೆನ್ನುವುದು ಹೇಗೆ? ದ್ವೀಪ ಕಾಲ್ಪನಿಕವಾದರೂ ಕೂಗಿ ಕರೆಯುವ ದನಿ ತಮ್ಮನದೇ.

ಬಂದೂಕಿನ ಭಯ

ಇಷ್ಟೆಲ್ಲ ಇದ್ದರೂ ಆಟದ ಉಪಕರಣ ಬಂದೂಕು, ಉದ್ದೇಶ ಸಂಹಾರ. ಇದನ್ನಾಡಿದ ಮಕ್ಕಳು ಕ್ರೂರಿಗಳಾಗುವುದಿಲ್ಲವೆ ಎಂಬ ಆತಂಕ ತಾಯ್ತಂದೆಗಳದು. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಆಟದ ಗೀಳಿನ ಯುವಕನೊಬ್ಬ ತಂದೆಯನ್ನೇ ಕೊಂದನೆಂಬ ವಾರ್ತೆ ಇಡೀ ರಾಜ್ಯವನ್ನು ನಡುಗಿಸಿತು. ಆದರೆ ಅಪರೂಪದ ಒಂದು ಘೋರ ಪ್ರಸಂಗದಿಂದ ಕೋಟ್ಯಂತರ ಮಕ್ಕಳ ಸ್ವಭಾವವನ್ನು ಅಳೆಯುವುದು ನ್ಯಾಯವಲ್ಲ. ಇಂಗ್ಲೆಂಡಿನ ಸಂಶೋಧಕರು ಸುಮಾರು ಒಂದು ಸಾವಿರ ಬ್ರಿಟಿಷ್ ಹದಿಹರೆಯದವರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲತೆಗೂ ಸಂಬಂಧ ಕಾಣಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2020ರಲ್ಲಿ, ಕೂಗಾಟ ತಳ್ಳಾಟಗಳಂಥ ವರ್ತನೆಗೆ ಅಲ್ಪ ಸಂಬಂಧವುಂಟೆಂದು ಒಪ್ಪಿ, ಘೋರ ಕೃತ್ಯಗಳಿಗೆ ಆಟವನ್ನು ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿತು. ದೀಪಾವಳಿಯ ಕೇಪು ಪಿಸ್ತೂಲನ್ನೂ ಜಾತ್ರೆಯ ಬಲೂನಂಗಡಿಯ ಬಂದೂಕನ್ನೂ ಹಿಡಿದು ಬೆಳೆದ ಹಿರಿಯರು ಕೊಲೆಗಡುಕರಾಗಲಿಲ್ಲವಷ್ಟೆ. ನಿಜವಾದ ಕೇಡು ಇರುವುದು ಬೇರೆ ಕಡೆ.

ದೋಷದ ಪಕ್ಷ

ಅಭಿಮನ್ಯು ಚಕ್ರವ್ಯೂಹದೊಳಗೆ ಹೊಗುವುದನ್ನು ಬಲ್ಲವನಾಗಿದ್ದ, ಹೊರಬರುವುದನ್ನು ಅರಿಯದವನಾಗಿದ್ದ. ಈ ಆಟದ ಮಕ್ಕಳ ಸ್ಥಿತಿಯೂ ಅದೇ. ಹೊಗಲು ಬೆರಳಿನ ಒಂದು ಸ್ಪರ್ಶ ಸಾಕು. ಹೊರಬರಲು?

ಓದುತ್ತಿರುವ ಕಾದಂಬರಿಯನ್ನು ಹಾಳೆ ಮಡಿಸಿ ಮುಚ್ಚಿಡಬಹುದು. ಚೌಕಾಬಾರದ ಮಣೆಯನ್ನು ಕಾಯಿಗಳ ಸಮೇತ ಮೂಲೆಗೆ ಸರಿಸಿ ಊಟ ಮುಗಿಸಿ ಬರಬಹುದು. ಇಲ್ಲಿ ಅದು ಸಾಧ್ಯವಿಲ್ಲ. ನೂರು ಮಂದಿ ಏಕಕಾಲದಲ್ಲಿ ಆಡುತ್ತಿರುವ ಆಟವನ್ನು ಒಬ್ಬನ ಮುದ್ದೆಗಾಗಿ ನಿಲ್ಲಿಸುವವರಾರು? ನಡುವೆ ಎದ್ದುಹೋದವನು ಮೂವರಿಗೆ ದ್ರೋಹ ಬಗೆದಂತೆ. ನಾಳೆ ಶಾಲೆಯಲ್ಲಿ ಅವನಿಗೆ ಮೂದಲಿಕೆ. ಮುಂದಿನ ರಾತ್ರಿ ಅವನ ಸ್ಥಾನದಲ್ಲಿ ಬೇರೊಬ್ಬ. ಹುಡುಗನನ್ನು ಕಂಬಕ್ಕೆ ಕಟ್ಟಿಹಾಕಿರುವುದು ಬಂದೂಕಿನ ಮೋಹವೆಂದು ತಾಯಿ ತಿಳಿಯುತ್ತಾಳೆ. ವಾಸ್ತವವಾಗಿ ಅದು ಸ್ನೇಹದ ಋಣ. ಸಂಗಾತಿಯನ್ನು ಕೈಬಿಡಬಾರದೆಂಬ ಆ ಸದ್ಗುಣವೇ ಅವನನ್ನು ತಾಯಿಯ ಕರೆಗೆ ಕಿವುಡನನ್ನಾಗಿ ಮಾಡುತ್ತದೆ.

ಆಟ ಮುಗಿದ ಮೇಲಾದರೂ ಬಿಡುಗಡೆಯುಂಟೆ? ನೂರು ಮಂದಿಯಲ್ಲಿ ಗೆಲ್ಲುವುದು ಒಂದೇ ಪಡೆ. ಸೋತವರಿಗೆಲ್ಲ ‘ಇನ್ನೊಂದೇ ಒಂದು’ ಎಂಬ ಆಸೆ ಹುಟ್ಟುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಇದರ ಜೊತೆಗೆ ಅಂತಸ್ತುಗಳ ಏಣಿಯೊಂದುಂಟು. ಕಷ್ಟಪಟ್ಟು ಏರಿದ ಮೆಟ್ಟಿಲು ‘ಸೀಸನ್’ ಮುಗಿದೊಡನೆ ಕೆಳಗಿಳಿಯುತ್ತದೆ, ಮತ್ತೆ ಏರಬೇಕು. ದಿನವೂ ಬಂದವನಿಗೆ ದಿನದ ಬಹುಮಾನ, ಬಾರದವನಿಗೆ ಇಲ್ಲ. ಗದ್ದೆಯ ಕೆಲಸಕ್ಕೂ ಇಷ್ಟು ನಿಷ್ಠುರವಾದ ಹಾಜರಿಯಿಲ್ಲ.

ಪುಕ್ಕಟೆಯ ಆಟದಿಂದ ಕಂಪನಿ ಸಂಪಾದಿಸುವುದು ಉಡುಪು, ಬಂದೂಕಿನ ಬಣ್ಣ ಮೊದಲಾದುವುಗಳ ಮಾರಾಟದಿಂದ. ಅವುಗಳಲ್ಲಿ ಕೆಲವನ್ನು ನೇರವಾಗಿ ಕೊಳ್ಳುವಂತಿಲ್ಲ. ಕಾಸು ತೆತ್ತು ಮುಚ್ಚಿದ ಪೆಟ್ಟಿಗೆಯನ್ನು ತೆರೆಯಬೇಕು, ಒಳಗೇನಿದೆಯೋ ಅದು ಅದೃಷ್ಟ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನ ಹಣವೊಡ್ಡಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಸ್ಪರ್ಧೆಯ ಆಟಗಳನ್ನು ಬೇರೆಯಾಗಿಯೇ ಗಣಿಸಿತು. ಬಿಜಿಎಂಐ ಜೂಜಲ್ಲ, ನಿಜ. ಆದರೆ ಆ ಮುಚ್ಚಿದ ಪೆಟ್ಟಿಗೆಯ ಮುಂದೆ ಕುಳಿತ ಹುಡುಗನ ಎದೆಯ ಬಡಿತವನ್ನು ಧರ್ಮರಾಯ ಬಲ್ಲ.

ಪರಿಚಿತರು ಸಿಗದಾಗ ಆಟ ತಾನೇ ಮೂವರು ಅಪರಿಚಿತರನ್ನು ಜೊತೆಗೂಡಿಸುತ್ತದೆ. ಅವರ ವಯಸ್ಸೇನು, ಸಂಸ್ಕಾರವೇನು, ಬಲ್ಲವರಿಲ್ಲ. ಕಿವಿಗೆ ಬೀಳುವ ಬೈಗುಳಗಳಿಗೆ ಅಂಕೆಯಿಲ್ಲ. ಹೆಣ್ಣುದನಿ ಕೇಳಿದರಂತೂ ಅಸಭ್ಯತೆಗೆ ಮಿತಿಯಿಲ್ಲದಂತಾಗುತ್ತದೆ. ಇದರಿಂದ ಆಡಲು ಬಂದ ಹುಡುಗಿಯರು ಮೌನವಾಗಿ ಆಡುತ್ತಾರೆ, ಇಲ್ಲವೆ ಬಿಟ್ಟುಹೋಗುತ್ತಾರೆ. ಗೋಡೆಯಾಚೆಯ ಶತ್ರುವನ್ನೂ ತೋರುವ ಕಳ್ಳ ತಂತ್ರಗಳನ್ನು ಬಳಸುವ ವಂಚಕರ ಕಾಟ ಬೇರೆ.

ನಿಷೇಧ ಮತ್ತು ಪುನರಾಗಮನ

ಈ ಆಟವನ್ನು ಸರ್ಕಾರ ತಡೆಯಲಿಲ್ಲವೆ ಎಂದು ಕೇಳುವವರಿಗೆ ಅದರ ಚರಿತ್ರೆ ಬೋಧಪ್ರದವಾಗಿದೆ. 2019ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪರೀಕ್ಷಾ ಚರ್ಚೆಯಲ್ಲಿ ತಾಯಿಯೊಬ್ಬರು ಮಗನ ಆಟದ ಗೀಳನ್ನು ಕುರಿತು ಅಳಲಿದಾಗ, ಅವನು ಪಬ್‌ಜಿಯವನೇ ಎಂದು ಪ್ರಧಾನಿಯವರೇ ಕೇಳಿ ಸಭೆಯನ್ನು ನಗಿಸಿದ್ದರು. ಅದೇ ವರ್ಷ ಗುಜರಾತಿನ ಕೆಲವು ನಗರಗಳಲ್ಲಿ ಆಟವನ್ನು ನಿಷೇಧಿಸಿ ವಿದ್ಯಾರ್ಥಿಗಳನ್ನು ಬಂಧಿಸಿದ್ದೂ ಉಂಟು. 2020ರಲ್ಲಿ ಗಡಿಯಲ್ಲಿ ಚೀನದೊಡನೆ ಘರ್ಷಣೆಯಾದ ಮೇಲೆ, ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿಯೂ ಸೇರಿತ್ತು. ಕಾರಣ ದೇಶದ ಭದ್ರತೆ, ಮಕ್ಕಳ ನಿದ್ರೆಯಲ್ಲ. 2021ರ ಜುಲೈಯಲ್ಲಿ ಕೊರಿಯಾದ ಕಂಪನಿ ಅದನ್ನೇ ಹೊಸ ಹೆಸರಿನಲ್ಲಿ ಭಾರತಕ್ಕೆಂದೇ ತಂದಿತು. 2022ರ ಜುಲೈಯಲ್ಲಿ ಅದೂ ಅಂಗಡಿಗಳಿಂದ ಮರೆಯಾಯಿತು. 2023ರ ಮೇ ತಿಂಗಳಲ್ಲಿ ಮರಳಿ ಬಂತು. ಪ್ರತಿಸಲವೂ ಮಕ್ಕಳು ಬೇರೊಂದು ಆಟಕ್ಕೆ ಹಾರಿ ಕಾಲ ನೂಕಿದರು; ಬಂದೊಡನೆ ಹಿಂದಿರುಗಿದರು.

2021ರಲ್ಲಿ ಮರಳಿ ಬಂದಾಗ ಕಂಪನಿ ಕೆಲವು ಕಟ್ಟಳೆಗಳನ್ನು ಮಾಡಿತ್ತು. ರಕ್ತದ ಬಣ್ಣ ಹಸಿರಾಯಿತು. ಹದಿನೆಂಟು ತುಂಬದವರು ದಿನಕ್ಕೆ ಮೂರು ಗಂಟೆ ಮಾತ್ರ ಆಡಬೇಕು, ತಾಯ್ತಂದೆಯರ ಫೋನು ಸಂಖ್ಯೆಯನ್ನು ಕೊಡಬೇಕು ಎಂಬ ನಿಯಮ ಬಂತು. ಆದರೆ ಇಡೀ ಮನೆಗೆ ಒಂದೇ ಫೋನಿದ್ದು, ಅದು ಸಂಜೆಯೆಲ್ಲ ಮಗನ ಕೈಯಲ್ಲೇ ಇರುವಾಗ ತಂದೆಯ ಒಪ್ಪಿಗೆಯ ಸಂದೇಶ ಬರುವುದೂ ಅವನ ಕೈಗೇ ಅಲ್ಲವೆ? ಮೂರು ಗಂಟೆಯೆಂಬುದು ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗೆ ಸಣ್ಣ ಅವಧಿಯೂ ಅಲ್ಲ.

ಯಾವುದು ರುಚಿ, ಯಾವುದು ರೋಗ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೆ ಸ್ಥಾನವುಂಟು. ಆಟದ ಮೇಲೆ ಹಿಡಿತ ತಪ್ಪುವುದು, ಬಾಳಿನ ಉಳಿದೆಲ್ಲಕ್ಕಿಂತ ಆಟವೇ ದೊಡ್ಡದಾಗುವುದು, ಕೇಡು ಕಣ್ಣಿಗೆ ಕಂಡರೂ ಬಿಡಲಾಗದಿರುವುದು: ಈ ಮೂರು ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷದ ಕಾಲ ನಿಂತರೆ ಅದು ರೋಗ. ಒಂದು ರಾತ್ರಿ ಊಟಕ್ಕೆ ತಡವಾದವನು ರೋಗಿಯಲ್ಲ. ಊಟ, ನಿದ್ರೆ, ಶಾಲೆ, ಸ್ನೇಹಿತರು ಎಲ್ಲವನ್ನೂ ತೊರೆದವನನ್ನು ಮಾತ್ರ ವೈದ್ಯರಿಗೆ ತೋರಿಸಲು ತಡಮಾಡಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥವರಿಗಾಗಿಯೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ದೂರದ ಊರಿನವರು ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಫೋನು ಮಾಡಿ ಸಲಹೆ ಪಡೆಯಬಹುದು.

ಸಂಜೆಗತ್ತಲಿನ ಕೆಲಸ

ಉಳಿದ ಮನೆಗಳಿಗೆ ಬೇಕಾದುದು ಔಷಧವಲ್ಲ, ಆಟದ ಪರಿಚಯ. ‘ಅರ್ಧ ಗಂಟೆ ಆಡು’ ಎಂದು ಗಡಿಯಾರ ತೋರಿಸಿದರೆ ಜಗಳ ಖಂಡಿತ. ಗಂಟೆ ಮುಗಿಯುವಾಗ ಹುಡುಗ ಕಾಳಗದ ನಡುವೆ ಇರುತ್ತಾನೆ. ‘ಎರಡು ಆಟ, ಆಮೇಲೆ ಊಟ’ ಎಂದರೆ ಅವನಿಗೂ ಒಪ್ಪಿಗೆ, ಸಂಗಾತಿಗಳಿಗೂ ಮೊದಲೇ ಹೇಳಬಹುದು. ಮೂರನೆಯ ವಿಮಾನ ಹೊರಡುವ ಮುನ್ನ ಕರೆಯಬೇಕು. ಹೊರಟ ಮೇಲೆ ಕರೆದು ಫಲವಿಲ್ಲ. ನಾಲ್ವರೂ ಬಂಧುಗಳ ಮಕ್ಕಳೇ ಆಗಿದ್ದರೆ ತಾಯಂದಿರು ತಮ್ಮೊಳಗೆ ಮಾತನಾಡಿಕೊಂಡು ಒಂದೇ ಹೊತ್ತನ್ನು ಗೊತ್ತುಮಾಡುವುದು ಇನ್ನೂ ಲೇಸು. ನಾಲ್ವರೂ ಒಟ್ಟಿಗೆ ಎದ್ದರೆ ಯಾರಿಗೂ ದ್ರೋಹವಾಗದು. ಕೊಳ್ಳುವ ಕೀಲಿ, ಎಂದರೆ ಹಣ ಪಾವತಿಯ ಗುಪ್ತಸಂಖ್ಯೆ, ಹಿರಿಯರ ನೆನಪಿನಲ್ಲಷ್ಟೇ ಇರಲಿ. ಫೋನು ರಾತ್ರಿ ಮಲಗಬೇಕಾದುದು ಹುಡುಗನ ದಿಂಬಿನ ಕೆಳಗಲ್ಲ, ನಡುಮನೆಯ ಗೂಡಿನಲ್ಲಿ.

ಒಂದು ಸಲ ಪಕ್ಕದಲ್ಲಿ ಕುಳಿತು ಆಟವನ್ನು ನೋಡುವುದೂ ಒಳ್ಳೆಯದು. “ಇದ್ರಲ್ಲಿ ನೀನ್ಯಾರ್ಲಾ?” ಎಂದು ಅಜ್ಜಿ ಕೇಳಿದರೆ ಮೊಮ್ಮಗ ಎಂಥ ಕಾಳಗದ ನಡುವೆಯೂ ತೋರಿಸದಿರಲಾರ. “ಬಿದ್ದೋನ್ನ ಎತ್ತಕ್ಕೆ ಓಡ್ತಾ ಅವ್ನಲ್ಲ, ಅದೇ ನಾನು” ಎಂದಾನು. ಅಷ್ಟನ್ನು ಬಲ್ಲ ಮನೆಯವರ ಕರೆಗೂ, ಏನನ್ನೂ ಬಲ್ಲದೆ ಗದರುವವರ ಕರೆಗೂ ಹುಡುಗ ಕೊಡುವ ಬೆಲೆ ಬೇರೆಬೇರೆ.

ಹಿಂದೆ ಮಿರ್ಲೆಯಂಥ ಊರುಗಳ ಬಯಲಿನಲ್ಲಿ ಲಗೋರಿಯಾಡುತ್ತಿದ್ದ ಮಕ್ಕಳನ್ನು ಯಾರೂ ಹೊತ್ತು ನೋಡಿ ಎಬ್ಬಿಸಬೇಕಾಗಿರಲಿಲ್ಲ. ಕತ್ತಲಾಗಿ ಚೆಂಡು ಕಾಣದಾಗುತ್ತಿತ್ತು. ಎಲ್ಲರೂ ಕೈಕಾಲು ತೊಳೆದುಕೊಂಡು ತಂತಮ್ಮ ಮನೆ ಸೇರುತ್ತಿದ್ದರು. ಗೆದ್ದವರಿಗೂ ಸೋತವರಿಗೂ ಕತ್ತಲೆಯೇ ಪಂಚಾಯಿತಿ. ಫೋನಿನ ದ್ವೀಪದಲ್ಲಿ ಹಾಗೆ ಕತ್ತಲಾಗುವುದಿಲ್ಲ; ನಡುರಾತ್ರಿಯಲ್ಲೂ ಅಲ್ಲಿ ಮತ್ತೊಂದು ವಿಮಾನ ಹೊರಡಲು ಸಿದ್ಧವಾಗಿ ನಿಂತಿರುತ್ತದೆ. ಆದುದರಿಂದ ಆ ಸಂಜೆಗತ್ತಲಿನ ಕೆಲಸವನ್ನು ಈಗ ಮನೆಯವರೇ ಮಾಡಬೇಕಾಗಿದೆ. ಕತ್ತಲೆಯಂತೆಯೇ ದಿನವೂ ತಪ್ಪದೆ, ಕತ್ತಲೆಯಂತೆಯೇ ಗದ್ದಲವಿಲ್ಲದೆ.